ಭಾರ ಇಳಿದರೆ ಸಾಯುವ ಜೀವ

ಆ ಕೆಸರು ನಮ್ಮ ಕಾಲೇಜಿಗೆ ಬಂದದ್ದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಐಸಿನ ನಡುವೆ, ಉಕ್ಕಿನ ಸಣ್ಣದೊಂದು ಕೊಳವೆಯೊಳಗೆ. ಸಮುದ್ರದ ನಾಲ್ಕು ಕಿಲೋಮೀಟರ್ ಆಳದ ತಳದಲ್ಲೇ ಬಾಯಿ ಮುಚ್ಚಿಕೊಂಡು, ಅಲ್ಲಿನ ಒತ್ತಡವನ್ನು ಇಳಿಯಗೊಡದೆ ಮೇಲೆ ಬರುವಂಥ ಕೊಳವೆ ಅದು. ಕರಾವಳಿಯ ಸಂಶೋಧನಾ ಸಂಸ್ಥೆಯೊಂದರಲ್ಲಿರುವ ನನ್ನ ಹಳೆಯ ಸಹಪಾಠಿ ತನ್ನ ಪಾಲಿನಲ್ಲಿ ಒಂದು ಚಮಚದಷ್ಟನ್ನು ನನಗೆ ಕೊಟ್ಟಿದ್ದಳು. ಕಳಿಸುವಾಗ ಫೋನಿನಲ್ಲಿ ಹೇಳಿದ್ದಳು: "ಇನ್ನೊಮ್ಮೆ ಕೇಳಬೇಡ. ಆ ಜಾಗಕ್ಕೆ ಹಡಗು ಮತ್ತೆ ಯಾವಾಗ ಹೋಗುತ್ತದೋ ನನಗೂ ಗೊತ್ತಿಲ್ಲ."

ಕಲಬುರಗಿಯಲ್ಲಿ ಸಮುದ್ರದ ಕೆಲಸ ಎಂದರೆ ಯಾರಾದರೂ ನಗುತ್ತಾರೆ. ನಾನು ಸೂಕ್ಷ್ಮಜೀವಶಾಸ್ತ್ರ ಕಲಿಸುವವಳು. ತೊಗರಿ ಬೇರಿನ ರೋಗಗಳ ಮೇಲೆ ಕೆಲಸ ಮಾಡಿದ್ದೆ. ಆದರೆ ಆಳದ ಜೀವಿಗಳ ಬಗ್ಗೆ ಒಂದು ಸಣ್ಣ ಯೋಜನೆ ಬರೆದು ಕಳಿಸಿದ್ದಕ್ಕೆ, ನನಗೇ ಆಶ್ಚರ್ಯವಾಗುವಂತೆ, ಅನುದಾನ ಸಿಕ್ಕಿತು. ಕೆಲಸ ಸರಳವಾಗಿತ್ತು. ಆ ಕೆಸರಿನೊಳಗಿನ ಸೂಕ್ಷ್ಮಜೀವಿಗಳನ್ನು ಅವುಗಳ ಊರಿನ ಒತ್ತಡದಲ್ಲೇ ಬೆಳೆಸುವುದು, ಭಾರ ಕಡಿಮೆಯಾದಾಗ ಅವುಗಳ ಮೈಯಲ್ಲಿ ಏನು ಮುರಿಯುತ್ತದೆ ಎಂದು ನೋಡುವುದು.

ಆ ಊರು ಹೇಗಿದೆ ಎಂದು ಒಂದಿಷ್ಟು ಹೇಳಬೇಕು. ಅಲ್ಲಿ ಬೆಳಕಿಲ್ಲ. ನೀರು ನಮ್ಮ ಫ್ರಿಜ್ಜಿನ ನೀರಿಗಿಂತ ತಣ್ಣಗೆ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಎಮ್ಮೆ ನಿಂತಷ್ಟು ಭಾರ. ಊಟವೆಂದರೆ ಮೇಲಿನಿಂದ ಉದುರುವ ಸಾವು: ಸತ್ತ ಪಾಚಿಯ ಚೂರು, ಮೀನಿನ ಹೊಲಸು, ಎಂದೋ ಒಮ್ಮೆ ತಿಮಿಂಗಿಲದ ಹೆಣ. ಮೇಲಿನವರು ಸಾಯದಿದ್ದರೆ ಕೆಳಗಿನವರಿಗೆ ಉಪವಾಸ. ಇಂಥಲ್ಲಿ ಜೀವ ಉಳಿಯುವುದು ಹೇಗೆ ಎಂದು ತರಗತಿಯಲ್ಲಿ ಕೇಳಿದಾಗ ನಾನು ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಚಳಿಗಾಲದ ಬೆಳಿಗ್ಗೆ ತುಪ್ಪದ ಡಬ್ಬಿಗೆ ಚಮಚ ಇಳಿಯುವುದಿಲ್ಲ. ಪಕ್ಕದಲ್ಲೇ ಇರುವ ಕುಸುಬಿ ಎಣ್ಣೆ ಹಾಗೇ ಹರಿಯುತ್ತದೆ. ಒತ್ತಡವೂ ಚಳಿಯಂತೆಯೇ ಕೊಬ್ಬನ್ನು ಗಟ್ಟಿ ಮಾಡುತ್ತದೆ. ಆಳದ ಸೂಕ್ಷ್ಮಜೀವಿ ತನ್ನ ಮೈಯ ಪೊರೆಯನ್ನು ಕುಸುಬಿ ಎಣ್ಣೆಯಂಥ ತೆಳು ಕೊಬ್ಬಿನಿಂದ ಕಟ್ಟಿಕೊಂಡಿರುತ್ತದೆ. ಎಮ್ಮೆಯ ಭಾರದ ಕೆಳಗೂ ಅದು ಮೆತ್ತಗೆ ಉಳಿದು, ಬೇಕಾದದ್ದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಅದೇ ಜೀವಿಯನ್ನು ಮೇಲಕ್ಕೆ ತಂದು ಭಾರ ಇಳಿಸಿದರೆ ಆ ಪೊರೆ ಅತಿ ಸಡಿಲಾಗಿ ಸೋರತೊಡಗುತ್ತದೆ. ನಮಗೆ ಆರಾಮ ಎನಿಸುವ ಸ್ಥಿತಿಯೇ ಅದಕ್ಕೆ ಮರಣ. ಕೆಲವು ಜಾತಿಗಳು ಹಿಮದ ತಂಪಿನಲ್ಲಿ ನಾಲ್ಕೈದು ನಿಮಿಷ ತಡೆಯುತ್ತವೆ. ಗಂಟೆಗಳನ್ನು ತಡೆಯುವಂಥವು ಕಡಿಮೆ.

ಅಷ್ಟು ಒತ್ತಡ ಹಿಡಿಯುವ ಸಿಲಿಂಡರುಗಳನ್ನು ಹೊರಗಿನಿಂದ ತರಿಸುವಷ್ಟು ಅನುದಾನ ಇರಲಿಲ್ಲ. ಹೀಗಾಗಿ ಕಪನೂರಿನ ಲೇತ್ ವರ್ಕ್‌ಶಾಪಿನ ಮಾಲೀಕರೊಬ್ಬರ ಹತ್ತಿರ ಹೋದೆ. ಐವತ್ತು ದಾಟಿದವರು, ಮಾತುಗಾರರು, ತಮ್ಮ ಕೈಗೆಲಸದ ಬಗ್ಗೆ ಭಾರೀ ಅಭಿಮಾನ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ನಕ್ಷೆಯನ್ನು ತಿರುವಿ ಮುರುವಿ ನೋಡಿ ಜೋರಾಗಿ ನಕ್ಕರು.

"ಬೋರ್‌ವೆಲ್ ಪಂಪಿಗೆ ಶಾಫ್ಟ್ ಮಾಡೀನಿ ಮೇಡಂ, ದಾಲ್ ಮಿಲ್ಲಿಗೆ ರೋಲರ್ ಮಾಡೀನಿ. ಸಮುದ್ರ ಮಾಡಿಕೊಡು ಅಂತ ಇವತ್ತಿನ ತನಕ ಯಾರೂ ಕೇಳಿಲ್ರಿ."

"ಆಗ್ತದೇನ್ರಿ ಉಸ್ತಾದ್?"

"ಆಗದೇ ಏನು! ಉಕ್ಕು ಚಲೋದು ತರಿಸ್ರಿ. ಹಲ್ಲು ನಾ ಕಡೀತೀನಿ. ನನ್ನ ಹಲ್ಲು ಬಿಚ್ಚಂಗಿಲ್ಲ."

ಹಲ್ಲು ಎಂದರೆ ಮುಚ್ಚಳದ ತಿರುಪಿನ ಗೆರೆಗಳು. ಮೂರು ಸಿಲಿಂಡರ್ ಮಾಡಿಕೊಟ್ಟರು. ಗೋಡೆ ನನ್ನ ಬೆರಳಿಗಿಂತ ದಪ್ಪ. ಮೊದಲ ಪರೀಕ್ಷೆಯಲ್ಲಿ ಒಂದರ ರಬ್ಬರ್ ಉಂಗುರ ಹಿಂಡಿಹೋಗಿ ನೀರು ಜಿನುಗಿತು. ಉಸ್ತಾದರಿಗೆ ಅವಮಾನವಾಯಿತು. ಅದನ್ನು ವಾಪಸ್ ಒಯ್ದು ಉಂಗುರ ಕೂರುವ ಕಾಲುವೆಯನ್ನು ಮತ್ತೆ ತಿರುಗಿಸಿ ತಂದರು. ಆಮೇಲೆ ಸಿಲಿಂಡರುಗಳು ಒಂದು ಹನಿಯನ್ನೂ ಬಿಡಲಿಲ್ಲ. ಅವುಗಳ ಬಾಯಿಗೆ ಕೂರಿಸಿದ ವಾಲ್ವುಗಳು ಮಾತ್ರ ಉಸ್ತಾದರವಲ್ಲ. ಕಾಲೇಜು ಟೆಂಡರ್ ಕರೆದು, ಕಡಿಮೆ ಬೆಲೆಗೆ ಕೊಟ್ಟವರಿಂದ ಕೊಂಡದ್ದು.

ಕೆಲಸದ ಕ್ರಮ ಹೀಗಿತ್ತು. ಬೆರಳುದ್ದದ ಮೆತ್ತನೆಯ ಪ್ಲಾಸ್ಟಿಕ್ ಬುರುಡೆಯೊಳಗೆ ಸಮುದ್ರದ ಉಪ್ಪಿನ ಸಾರು ತುಂಬಿ, ಅದಕ್ಕೆ ಕೆಸರಿನ ಒಂದು ಹನಿ ಬೆರೆಸಬೇಕು. ಒಳಗೆ ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದು, ಉಳಿದರೆ ಒತ್ತಡಕ್ಕೆ ಬುರುಡೆ ಮುದುಡಿ ಒಡೆಯುತ್ತದೆ. ಬಾಯಿಯನ್ನು ಬಿಸಿ ಇಕ್ಕಳದಿಂದ ಕರಗಿಸಿ ಮುಚ್ಚಿ, ನೀರು ತುಂಬಿದ ಸಿಲಿಂಡರಿಗೆ ಇಳಿಬಿಟ್ಟು, ಮುಚ್ಚಳ ತಿರುಗಿಸಿ, ಕೈಪಂಪಿನಿಂದ ಒತ್ತಡ ಏರಿಸಬೇಕು. ಪಂಪಿನಲ್ಲಿ ಇದ್ದದ್ದು ತುಕ್ಕು ಹಿಡಿಯದಂತೆ ಎಣ್ಣೆ ಬೆರೆಸಿದ ಹಾಲುಬಣ್ಣದ ನೀರು, ಲೇತಿನ ಮೇಲೆ ಸುರಿಯುತ್ತಾರಲ್ಲ, ಅದೇ. ಇದೆಲ್ಲ ಮುಗಿಯುವವರೆಗೆ ಎಲ್ಲವೂ ಐಸಿನಲ್ಲೇ ಇರಬೇಕು. ಅದೇ ಸಾರು, ಅದೇ ಕೆಸರನ್ನು ಒತ್ತಡವಿಲ್ಲದ ಕೊಳವೆಗಳಲ್ಲೂ ತುಂಬಿ ಪಕ್ಕದಲ್ಲಿಟ್ಟೆ. ಎರಡನ್ನೂ ಹೋಲಿಸಿದರೆ ತಾನೇ ಗೊತ್ತಾಗುವುದು.

ವಾರಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಒಂದು ಬುರುಡೆ ಹೊರತೆಗೆದು ಬೆಳಕಿಗೆ ಹಿಡಿದೆ. ಗಂಜಿಯ ತಿಳಿಯಂತೆ ಮಬ್ಬಾಗಿತ್ತು. ಒತ್ತಡವಿಲ್ಲದ ಕೊಳವೆಗಳೆಲ್ಲ ತಿಳಿನೀರು. ಬೇಗನೆ ಅದರಿಂದ ಹೊಸ ಬುರುಡೆಗಳಿಗೆ ಬಿತ್ತಿ ಮತ್ತೆ ಒತ್ತಡಕ್ಕೆ ಹಾಕಿದೆ. ಅವೂ ಬೆಳೆದವು. ಭಾರ ಇದ್ದರೆ ಮಾತ್ರ ಬದುಕುವ ಜೀವ ನನ್ನ ಕೈಯಲ್ಲಿತ್ತು.

ವಿಭಾಗದ ಮುಖ್ಯಸ್ಥರಿಗೆ ಓಡಿಹೋಗಿ ತೋರಿಸಿದೆ. ಅವರು ಬುರುಡೆಯನ್ನು ದೂರದಿಂದಲೇ ನೋಡಿದರು. "ಇಷ್ಟೇ ಏನ್ರಿ? ಸಮಿತಿ ಬಂದಾಗ ಇದನ್ನ ತೋರಿಸೋದಾ? ನಮ್ಮ ನಳದಾಗೂ ಇಂಥಾ ನೀರೇ ಬರ್ತದಲ್ಲ."

ಅನುದಾನ ಕೊಟ್ಟವರ ಸಮಿತಿ ಮೇ ಕೊನೆಗೆ ಬರುವುದಿತ್ತು. ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ ಮುಂದಿನದು ಹೇಳಬೇಕಿಲ್ಲ. ವಿದ್ಯುತ್ತು ಹೋಗಿ ಬಂದು, ಹೋಗಿ ಬಂದು, ನಮ್ಮ ಶೀತಕೋಣೆಯ ಕಂಪ್ರೆಸರ್ ಸುಟ್ಟಿತು. ಹೀಗೆ ಬೆಳೆಸಿದ ಜೀವಿಗಳ ಒಂದು ಪಾಲನ್ನು ಗ್ಲಿಸರಿನ್ನಿನಲ್ಲಿ ಬೆರೆಸಿ ಹೆಪ್ಪುಗಟ್ಟಿಸಿ ಇಡುವುದು ವಾಡಿಕೆ. ನಾನೂ ಇಟ್ಟಿದ್ದೆ. ಆ ಡೀಪ್ ಫ್ರೀಜರ್ ಅದೇ ಲೈನಿನಲ್ಲಿತ್ತು. ಭಾನುವಾರವಿಡೀ ಬಾಗಿಲು ಮುಚ್ಚಿಕೊಂಡೇ ಕರಗಿ, ಸೋಮವಾರ ನಾನು ತೆಗೆದಾಗ ಬೆಚ್ಚಗಿನ ವಾಸನೆ ಬಂತು. ಉಳಿದದ್ದು ಸಿಲಿಂಡರುಗಳೊಳಗಿನದಷ್ಟೇ.

ಜನರೇಟರ್ ಲೈನ್ ಒಂದಿತ್ತು. ಅದನ್ನು ನನ್ನ ಚಿಕ್ಕ ಫ್ರಿಜ್ಜೊಂದಕ್ಕಾದರೂ ಕೊಡಿ ಎಂದು ಮುಖ್ಯಸ್ಥರನ್ನು ಕೇಳಿದೆ. ಸಮಿತಿಗಾಗಿ ಸಭಾಂಗಣಕ್ಕೆ ಬಣ್ಣ ಬಳಿಸಿ ಹೊಸ ಏಸಿ ಹಾಕಿಸುತ್ತಿದ್ದರು.

"ಬರೋ ಮಂದಿ ಬೆವರಬೇಕೇನು ನಿಮ್ಮ ಹುಳಾ ತಣ್ಣಗ ಇರಾಕ?" ಎಂದರು. ಮುಂದೆ ನನ್ನ ಮುಖ ನೋಡದೆ ಪೇಂಟರನ್ನು ಕರೆದರು.

ಐಸ್ ತುಂಬುತ್ತ, ಕರಗಿದ್ದನ್ನು ಚೆಲ್ಲುತ್ತ ದಿನಗಳನ್ನು ದೂಡಿದೆ. ದಾರಿ ತೋರಿಸಿದವರು ಉಸ್ತಾದರು. ಕಮಲಾಪುರದಲ್ಲಿ ಒಣಮೆಣಸಿನಕಾಯಿ, ಹುಣಸೆ ಇಡುವ ಶೀತಗೃಹವೊಂದರ ಯಂತ್ರಗಳನ್ನು ಅವರೇ ರಿಪೇರಿ ಮಾಡುತ್ತಿದ್ದರು. ಅದರ ಸಾವುಕಾರರಿಗೆ ಫೋನ್ ಹಚ್ಚಿದರು. "ಮೂರು ಸಿಲಿಂಡರ್ ಇಡಾಕ ಒಂದು ಮೂಲಿ ಬೇಕ್ರಿ ಸಾವುಕಾರ್ರ. ಹಾಂ, ಗ್ಯಾಸಿನವಲ್ಲ. ಫಿಕರ್ ಮಾಡಬ್ಯಾಡ್ರಿ, ಸ್ಫೋಟ ಆಗಂಗಿಲ್ಲ. ಒಳಗ ಸಮುದ್ರ ಅದ."

ಉಸ್ತಾದರ ಟಂಟಂ ಗಾಡಿಯಲ್ಲಿ ಗೋಣಿಚೀಲ, ಐಸು, ಸಿಲಿಂಡರು ಹೇರಿಕೊಂಡು ಹೊರಟೆವು. ಹುಮನಾಬಾದ್ ರಸ್ತೆಯಲ್ಲಿ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಕಮಲಾಪುರ ಹತ್ತಿರವಾದಂತೆ ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತೂಗಹಾಕಿದ್ದರು. ಉಸ್ತಾದರು ಗಾಡಿ ನಿಲ್ಲಿಸಲಿಲ್ಲ. "ಐಸ್ ಕರಗಾಕತ್ತದ" ಎಂದರು.

ಶೀತಗೃಹದಲ್ಲಿ ಚಳಿಯ ಜೊತೆ ಮೆಣಸಿನಕಾಯಿಯ ಘಾಟು. ಒಳಗೆ ಹೋದವರಿಗೆ ಮೊದಲು ಕೆಮ್ಮು, ಆಮೇಲೆ ನಡುಕ. ಆದರೆ ನನಗೆ ಬೇಕಾದ ತಂಪು ಅಲ್ಲಿತ್ತು. ಮೂಲೆಯಲ್ಲಿ ಸಿಲಿಂಡರು ನಿಲ್ಲಿಸಿ ಮಾಪಕ ಜೋಡಿಸಿ ನೋಡಿದರೆ ಮೂರರಲ್ಲೂ ಒತ್ತಡ ಒಂದಿಷ್ಟು ಇಳಿದಿತ್ತು. ದಾರಿಯ ಕುಲುಕಿಗೆ ವಾಲ್ವುಗಳು ಕೂತ ಜಾಗದಿಂದ ಸರಿದಿದ್ದವು, ಎಷ್ಟು ಬಿಗಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಉಸ್ತಾದರು ಒಂದನ್ನು ಬೆರಳಿನಿಂದ ತಟ್ಟಿ ನೋಡಿ, "ಕಚ್ಚಾ ಮಾಲ್. ಇದು ಬಾಳಂಗಿಲ್ಲ" ಎಂದರು. ಹೈದರಾಬಾದಿನಿಂದ ಹೊಸ ವಾಲ್ವು ತರಿಸಲು ಅವರೇ ಹೇಳಿದರು. ಅವು ಬರುವವರೆಗೆ ಮೂರೂ ಸಿಲಿಂಡರುಗಳನ್ನು ಒಂದೇ ಪೈಪಿನ ಸಾಲಿಗೆ ಜೋಡಿಸಿ, ಕೈಪಂಪಿನಿಂದಲೇ ಒತ್ತಡ ಹಿಡಿದಿಡಬೇಕಾಯಿತು. ಮುಳ್ಳು ಇಳಿದಂತೆಲ್ಲ ಪಂಪಿನ ಹಿಡಿಕೆ ಒತ್ತಬೇಕು. ನಾನು, ಉಸ್ತಾದರು ಮತ್ತು ಸಾವುಕಾರರ ಕಡೆಯ ಒಬ್ಬ ಹಮಾಲ ಸರದಿಯಲ್ಲಿ ಕೂತೆವು. ಹೊದೆದುಕೊಂಡು, ಕೆಮ್ಮುತ್ತ, ಹೊರಗೆ ಬಂದು ಬಿಸಿಲಿಗೆ ಮೈಕಾಸಿ ಮತ್ತೆ ಒಳಗೆ. ಮೂರನೆಯ ದಿನಕ್ಕೆ ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು.

ಸೋರಿಕೆ ಹುಡುಕುವುದಕ್ಕೆ ಒಂದು ಕಟ್ಟುನಿಟ್ಟು ಮಾಡಿದ್ದೆ. ಪಂಪಿನ ಜೊತೆ ಬಂದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರು: ಕೈಯಿಂದ ಹುಡುಕಬೇಡಿ. ಅಷ್ಟು ಒತ್ತಡದಲ್ಲಿ ಹೊರಬರುವ ನೀರು ಕೂದಲಿಗಿಂತ ತೆಳ್ಳಗೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾಗಿ ಉದ್ದನೆಯ ರಟ್ಟಿನ ತುಂಡನ್ನು ಜೋಡಣೆಗಳ ಮೇಲೆ ಆಡಿಸಬೇಕು, ಒದ್ದೆಯಾದ ಕಡೆ ಸೋರಿಕೆ.

ಹೊಸ ವಾಲ್ವು ಬರುವ ಹಿಂದಿನ ದಿನ ಬೆಳಿಗ್ಗೆ ಮುಳ್ಳು ಜೋರಾಗಿ ಇಳಿಯತೊಡಗಿತು. ಎಷ್ಟು ಒತ್ತಿದರೂ ನಿಲ್ಲದು. ಹಮಾಲ ಆ ದಿನ ಬಂದಿರಲಿಲ್ಲ, ಹೊರಗಿನ ಕಚೇರಿಯಲ್ಲಿ ಸಾವುಕಾರರೊಬ್ಬರೇ ಇದ್ದರು. ನಾನು ಪಂಪು ಒತ್ತುತ್ತಿದ್ದೆ, ಉಸ್ತಾದರು ರಟ್ಟು ಹಿಡಿದು ಹುಡುಕುತ್ತಿದ್ದರು. ಅಲ್ಲಿನ ತೇವಕ್ಕೆ ರಟ್ಟು ಮೊದಲೇ ಮೆತ್ತಗಾಗಿತ್ತು. "ಥೂ, ಇದು ಎಲ್ಲಾ ಕಡೆ ಒದ್ದಿ ಅದ" ಎಂದು ಅದನ್ನು ಎಸೆದರು. ನಾನು ಬೇಡ ಎನ್ನುವಷ್ಟರಲ್ಲಿ ಬಲಗೈಯ ತೋರುಬೆರಳನ್ನು ಜೋಡಣೆಯ ಸುತ್ತ ಒಮ್ಮೆ ಆಡಿಸಿದರು.

"ಹಾ, ಸಿಕ್ತು ನೋಡ್ರಿ," ಎಂದರು. ಬೆರಳು ಹಿಂದಕ್ಕೆ ತೆಗೆದುಕೊಂಡು ನೋಡಿಕೊಂಡರು.

ಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತವೂ ಇಲ್ಲ. ಸುತ್ತಲಿನ ಚರ್ಮ ಮಾತ್ರ ಸುಣ್ಣ ಹಚ್ಚಿದಂತೆ ಬಿಳಿಚಿತ್ತು.

"ನೋವಾಗ್ತದೇನ್ರಿ?"

"ಏನಿಲ್ರಿ. ಸೂಜಿ ಚುಚ್ಚಿದಂಗ ಆತು, ಅಷ್ಟೇ. ನೀವು ಒತ್ರಿ, ನಾ ಪಾನಾ ಹಾಕಿ ಬಿಗೀತೀನಿ."

ನೋವಿಲ್ಲ ಎಂದದ್ದೇ ನನಗೆ ಭಯ ಹುಟ್ಟಿಸಿತು. ಮೊದಲಿಗೆ ನೋವಿರುವುದಿಲ್ಲ ಎಂದು ಆ ಕಾಗದದಲ್ಲೇ ಇತ್ತು. ಎಣ್ಣೆ ಬೆರೆತ ನೀರು ಬೆರಳೊಳಗೆ ಹೋಗಿದೆ, ತಕ್ಷಣ ಕೊಯ್ದು ತೊಳೆಯದಿದ್ದರೆ ಕೈಯೇ ಕೊಳೆಯಬಹುದು, ಈಗಲೇ ದವಾಖಾನೆಗೆ ಹೋಗೋಣ ಎಂದೆ. ಅವರು ನಕ್ಕರು.

"ರಕ್ತಾನೇ ಬಂದಿಲ್ಲ, ಎಂಥಾ ದವಾಖಾನಿ ಮೇಡಂ? ನಾಳೆ ವಾಲ್ವ್ ಬರ್ತಾವ. ಇಷ್ಟು ದಿನ ಹಿಡಿದೀವಿ. ಈಗ ಬಿಟ್ಟು ಹೋದ್ರ ಏನ್ ಉಳೀತದ?"

"ನೀವು ಹೋಗ್ರಿ ಉಸ್ತಾದ್. ಸಾವುಕಾರರ ಕಾರ್ ಅದ. ನಾ ಇಲ್ಲಿ ಒತ್ತಕೋತ ಇರ್ತೀನಿ."

"ಒಬ್ರೇ? ಒತ್ತಾಕ ಒಬ್ರು, ಬಿಗಿಯಾಕ ಒಬ್ರು ಬೇಕು. ನಾ ಎದ್ದೆ ಅಂದ್ರ ಅರ್ಧ ತಾಸಿನ್ಯಾಗ ಎಲ್ಲಾ ಖಲಾಸ್. ಆಮ್ಯಾಲೆ ಮಂದಿ ಏನಂತಾರ? ಉಸ್ತಾದ್ ಮಾಡಿದ ಸಿಲಿಂಡರ್ ಸೋರ್ತು ಅಂತಾರ. ಇಲ್ರಿ, ನಾ ಏಳಂಗಿಲ್ಲ."

ಅವರು ಪಾನಾ ಎತ್ತಿಕೊಂಡರು. ಹಿಡಿಯಲು ಹೋದಾಗ ತೋರುಬೆರಳು ಮಡಚಲಿಲ್ಲ. ಅದನ್ನು ಅವರೂ ಕಂಡರು, ನಾನೂ ಕಂಡೆ. ಅವರು ಪಾನಾವನ್ನು ಎಡಗೈಗೆ ಬದಲಿಸಿಕೊಂಡು ಮತ್ತೆ ಬಗ್ಗಿದರು.

ಇನ್ನು ಮಾತಾಡಿ ಉಪಯೋಗವಿರಲಿಲ್ಲ. ಆ ಮನುಷ್ಯ ಅಲ್ಲಿಂದ ಏಳಬೇಕಾದರೆ ಅಲ್ಲಿ ಕೆಲಸವೇ ಉಳಿದಿರಬಾರದು. ಪಂಪಿನ ಬುಡದಲ್ಲಿ ಒತ್ತಡ ಬಿಡುವ ಒಂದು ತಿರುಗಣೆ ಇದೆ. ಅದರ ಮೇಲೆ ಕೈಯಿಟ್ಟೆ. ಬುರುಡೆಗಳೊಳಗೆ ಆ ಹೊತ್ತಿಗೂ ಜೀವ ಇಬ್ಭಾಗವಾಗುತ್ತ ಬೆಳೆಯುತ್ತಿತ್ತು. ನನಗದು ಖಾತ್ರಿಯಿತ್ತು. ತಿರುಗಿಸಿದೆ.

ಸದ್ದೇನೂ ಆಗಲಿಲ್ಲ. ಮಾಪಕದ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿತ್ತು. ಸಣ್ಣ ಪೈಪಿನಿಂದ ಒಂದಿಷ್ಟು ಬಿಳಿ ನೀರು ಬಕೆಟ್ಟಿಗೆ ಚಿಮ್ಮಿ ನಿಂತಿತು. ನಾಲ್ಕು ಕಿಲೋಮೀಟರ್ ಸಮುದ್ರದ ಭಾರವೆಲ್ಲ ಬಕೆಟ್ಟಿನ ತಳವನ್ನೂ ಮುಚ್ಚದಷ್ಟು ನೀರಾಗಿ ಹೊರಬಂದಿತ್ತು.

ಉಸ್ತಾದರು ಮಾಪಕವನ್ನೂ ನನ್ನನ್ನೂ ನೋಡಿದರು. ಅವರ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಕಂಡಿರಲಿಲ್ಲ.

"ಕೊಂದ್ರಿ," ಎಂದರು.

"ಹೂಂ. ಈಗ ಇಲ್ಲಿ ಕೆಲಸ ಇಲ್ಲ. ಏಳ್ರಿ."

ಸಾವುಕಾರರೇ ಕಾರು ಓಡಿಸಿದರು. ಕಲಬುರಗಿಗೆ ಬಂದು ಮೊದಲು ಸಿಕ್ಕ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, "ಇದಕ್ಕ ಕಮಲಾಪುರದಿಂದ ಬಂದೀರೇನು?" ಎಂದು ನಕ್ಕು, ಒಂದು ಟಿಟಿ ಇಂಜೆಕ್ಷನ್ ಚುಚ್ಚಿ, ಮೇಲೊಂದು ಪಟ್ಟಿ ಅಂಟಿಸಿದರು. ಒತ್ತಡ ಎಷ್ಟಿತ್ತು, ಏನು ಒಳಗೆ ಹೋಗಿದೆ ಎಂದು ನಾನು ಹೇಳತೊಡಗಿದರೆ, "ನೀವು ಡಾಕ್ಟರಾ, ನಾ ಡಾಕ್ಟರಾ?" ಎಂದರು.

ಉಸ್ತಾದರು ಗೆದ್ದವರಂತೆ ನನ್ನ ಕಡೆ ತಿರುಗಿದರು. "ಹೇಳಿದ್ದಿಲ್ಲೇನ್ರಿ? ಇದಕ್ಕಾಗಿ ಅಷ್ಟೂ ಜೀವ ತೆಗೆದ್ರಿ."

ಆ ಕ್ಷಣ ಅವರ ಮಾತೇ ನಿಜವಿರಬಹುದು ಎನಿಸಿತು. ಗೇಟಿನ ಹತ್ತಿರ ಸಾವುಕಾರರು ಚಹಾ ತರಿಸಿದರು. ಉಸ್ತಾದರು ಲೋಟ ಹಿಡಿಯಲು ಹೋಗಿ ಕೈಬಿಟ್ಟರು. ಲೋಟ ಬಿದ್ದು ಒಡೆಯಿತು. ಪಟ್ಟಿಯ ಸುತ್ತ ಬೆರಳು ಊದಿ ಕೆಂಪಗೆ ಬಿಗಿದಿತ್ತು. ಅವರ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. "ಈಗ ಹತ್ತಾಕತ್ತದ ಮೇಡಂ," ಎಂದರು, ಸಣ್ಣ ದನಿಯಲ್ಲಿ. "ಒಳಗ ಬೆಂಕಿ ಹಚ್ಚಿದಂಗ."

ಇನ್ನೊಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿದ್ದ ಹಿರಿಯ ಸರ್ಜನ್ ಒಬ್ಬ ಮಹಿಳೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಒತ್ತಡ ಎಷ್ಟಿತ್ತು? ಏನು ದ್ರವ? ಏನಾದರೂ ಉಂಡಿದ್ದೀರಾ? ಉತ್ತರ ಕೇಳುತ್ತಲೇ ಆಪರೇಷನ್ ಕೋಣೆ ಸಜ್ಜು ಮಾಡಲು ಹೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಬೆರಳಿನ ಭರವಸೆ ಕೊಡೋದಿಲ್ಲ. ಕೈ ಉಳಿಸೋಕೆ ನೋಡ್ತೀನಿ."

ಉಸ್ತಾದರ ಹೆಂಡತಿ ರೋಜಾ ಬಡಾವಣೆಯ ಮನೆಯಿಂದ ಆಟೋದಲ್ಲಿ ಬಂದರು. ಕಾರಿಡಾರಿನಲ್ಲಿ ನನ್ನ ಪಕ್ಕ ನಿಂತು ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿದರು.

"ಆ ಮಷಿನ್ ಒಳಗ ಏನಿತ್ರಿ?"

"ಸಮುದ್ರದ ತಳದಾಗಿನ ಜೀವ ಅಮ್ಮಾ. ಭಾಳ ಸಣ್ಣವು."

"ಕಣ್ಣಿಗೆ ಕಾಣ್ತಾವೇನು?"

"ಇಲ್ಲ."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ದೂರದ ಬೆಂಚಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತರು.

ಬೆರಳಿನಿಂದ ಅಂಗೈಯ ನಡುವಿನವರೆಗೆ ಸೀಳಿ ತೊಳೆದರು. ಸ್ನಾಯುರಜ್ಜುವಿನ ಕೊಳವೆಯೊಳಗೇ ಆ ಬಿಳಿ ನೀರು ಹರಿದು ಅಂಗೈ ಮುಟ್ಟಿತ್ತಂತೆ. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು ದಿನಾ ತೊಳೆದರು. ಬೆರಳು ಮೊದಲು ಬೂದು, ಆಮೇಲೆ ನೀಲಿ, ಆಮೇಲೆ ಕಪ್ಪಾಯಿತು. ಆ ವಾರದಲ್ಲೇ ಬುಡಕ್ಕೆ ಕತ್ತರಿಸಿದರು. ಅಂಗೈ ಉಳಿಯಿತು, ಉಳಿದ ಬೆರಳುಗಳು ಉಳಿದವು. "ಮರುದಿನ ಬಂದಿದ್ದರೆ ಮಣಿಕಟ್ಟಿನಿಂದ ತೆಗೆಯಬೇಕಾಗುತ್ತಿತ್ತು," ಎಂದರು ಸರ್ಜನ್.

ಕತ್ತರಿಸಿದ ಮೇಲೆ ವಾರ್ಡಿನಲ್ಲಿ ಉಸ್ತಾದರು ಮೊದಲ ಸಲ ನನ್ನನ್ನು ಮಾತಾಡಿಸಿದರು.

"ಅವು ಸಾಯೋವಾಗ ಅವಕ್ಕ ನೋವಾಗ್ತದೇನ್ರಿ?"

"ಇಲ್ರಿ. ನೋವು ತಿಳಿಯೋ ಅಂಥಾದ್ದು ಅವುಗಳ ಹತ್ರ ಏನೂ ಇಲ್ಲ."

"ನನಗೂ ಆಗ್ಲಿಲ್ಲ ನೋಡ್ರಿ," ಎಂದು ಗೋಡೆಯ ಕಡೆ ಹೊರಳಿದರು. "ಚುಚ್ಚಿದಾಗ ಏನೇನೂ ಆಗ್ಲಿಲ್ಲ."

ಅಪಘಾತದ ಮರುದಿನ ಮಧ್ಯಾಹ್ನವೇ ನಾನು ಕಮಲಾಪುರಕ್ಕೆ ಹೋಗಿ ಬಂದಿದ್ದೆ. ಹೊಸ ವಾಲ್ವುಗಳು ಬಂದಿದ್ದವು. ಕಪನೂರಿನ ಇನ್ನೊಬ್ಬ ಮೆಕ್ಯಾನಿಕ್ ಬಂದು ಕೂರಿಸಿದ. ಒತ್ತಡ ಏರಿಸಿದೆ, ನಿಂತಿತು. ಒಂದು ಹನಿಯೂ ಸೋರಲಿಲ್ಲ. ಹಳೆಯ ಬುರುಡೆಗಳಿಂದ ಹೊಸದಕ್ಕೆ ಬಿತ್ತಿದೆ. ಆಳದ ಕೆಲವು ಜೀವಿಗಳು ಭಾರ ಇಳಿದ ಮೇಲೂ ಒಂದಷ್ಟು ಹೊತ್ತು ಉಸಿರು ಹಿಡಿದಿರುತ್ತವೆ ಎಂದು ಓದಿದ್ದೆ, ಅದೊಂದೇ ಆಸೆ. ವಾರಗಳು ಕಳೆದವು. ತೆಗೆದು ಬೆಳಕಿಗೆ ಹಿಡಿದಾಗಲೆಲ್ಲ ಸಾರು ತಿಳಿಯಾಗಿಯೇ ಇತ್ತು. ಹಳೆಯ ಬುರುಡೆಯ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಡೆದ ಪೊರೆಗಳು, ಒಳಗಿನದೆಲ್ಲ ಸೋರಿಹೋದ ಖಾಲಿ ಚೀಲಗಳು. ಭಾರ ಕಡಿಮೆಯಾದಾಗ ಮೈಯಲ್ಲಿ ಏನು ಮುರಿಯುತ್ತದೆ ಎನ್ನುವುದೇ ನನ್ನ ಯೋಜನೆಯ ಪ್ರಶ್ನೆಯಾಗಿತ್ತು. ಉತ್ತರ ಗಾಜಿನ ಮೇಲಿತ್ತು.

ಸಮಿತಿ ಬರುವ ಮುನ್ನ ಮುಖ್ಯಸ್ಥರು ನನ್ನನ್ನು ಕರೆಸಿದರು. ಹೊಸ ಏಸಿಯ ಕೆಳಗೆ ಕೂತಿದ್ದರು.

"ಅವನ ಬೆರಳು ಹೋಗ್ಯಾದ, ನಮ್ಮ ಮರ್ಯಾದಿ ಹೋಗ್ಯಾದ. ಸಿಲಿಂಡರ್ ಕಚ್ಚಾ ಇತ್ತು, ಅದಕ್ಕೇ ಸೋರ್ತು ಅಂತ ವರದಿ ಬರೀರಿ."

"ಸಿಲಿಂಡರ್ ಸೋರಿಲ್ಲ ಸರ್. ಸೋರಿದ್ದು ನಮ್ಮ ವಾಲ್ವು. ಆ ವಾಲ್ವು ಚಲೋ ಇದ್ದಿದ್ರ ಪೈಪಿನ ಸಾಲೇ ಬೇಕಾಗ್ತಿದ್ದಿಲ್ಲ."

"ಅದು ಯಾರಿಗೆ ಬೇಕಾಗ್ಯಾದ? ಒಬ್ಬ ಮಿಸ್ತ್ರಿ ಸಲುವಾಗಿ ಸಂಸ್ಥಾದ ಹೆಸರು ಕೆಡಿಸ್ತೀರೇನು? ಅವನಿಗೆ ಹೆಂಗೂ ಇನ್ನ ಕೆಲಸ ಆಗಂಗಿಲ್ಲ. ಅವನ ಮ್ಯಾಲೆ ಬಂದ್ರ ಅವನಿಗೇನು ನಷ್ಟ?"

ನಾನು ಬರೆದದ್ದು ನಡೆದದ್ದನ್ನೇ. ವಾಲ್ವು ಹೇಗಿತ್ತು, ಯಾರು ಕೊಂಡರು, ಜೋಡಣೆ ಎಲ್ಲಿ ಸೋರಿತು, ಒತ್ತಡ ಬಿಟ್ಟವಳು ನಾನು, ಯಾಕೆ ಬಿಟ್ಟೆ. ಸಮಿತಿಯ ಮುಂದೆಯೂ ಅದನ್ನೇ ಹೇಳಿದೆ. ಅವರಲ್ಲೊಬ್ಬರು ಸಭ್ಯವಾಗಿ ಕೇಳಿದರು: ಬೇರೆ ಯಾರನ್ನಾದರೂ ಕರೆದು ಒತ್ತಡ ಉಳಿಸಿಕೊಳ್ಳುವ ದಾರಿ ಇರಲಿಲ್ಲವೇ? ಕಾರು ಓಡಿಸಬೇಕಾದ ಸಾವುಕಾರರನ್ನು ಬಿಟ್ಟರೆ ಯಾರೂ ಇರಲಿಲ್ಲ, ಹೊತ್ತೂ ಇರಲಿಲ್ಲ ಎಂದೆ. ಅವರು ತಲೆಯಾಡಿಸಿ ಪುಟ ತಿರುಗಿಸಿದರು. ಯೋಜನೆ ಅಲ್ಲಿಗೆ ಮುಗಿಯಿತು. ಪ್ರಯೋಗಾಲಯದ ಬೀಗದ ಕೈಯನ್ನು ಮುಖ್ಯಸ್ಥರು ವಾಪಸ್ ತೆಗೆದುಕೊಂಡರು. ನನ್ನ ಪಾಲಿಗೆ ಮೊದಲ ವರ್ಷದ ತರಗತಿಗಳಷ್ಟೇ ಉಳಿದವು. ವರದಿಯಿಂದ ಉಸ್ತಾದರ ತಲೆಯ ಮೇಲೆ ತಪ್ಪು ಬರಲಿಲ್ಲ. ಅವರ ಬೆರಳಿಗೆ ಕಾಲೇಜಿನಿಂದ ಏನೂ ಬರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಎರಡು ಸಲ ಅವರ ಮನೆಗೆ ಹೋದೆ. ಎರಡು ಸಲವೂ ಮಲಗಿದ್ದಾರೆ ಎಂದು ಬಾಗಿಲಲ್ಲೇ ಉತ್ತರ ಬಂತು. ಚಳಿಗಾಲದ ಹೊತ್ತಿಗೆ ಅವರು ವರ್ಕ್‌ಶಾಪಿಗೆ ಮರಳಿದ್ದಾರೆ ಎಂದು ಸಾವುಕಾರರಿಂದ ತಿಳಿದು ಒಂದು ಮಧ್ಯಾಹ್ನ ಕಪನೂರಿಗೆ ಹೋದೆ.

ಉಸ್ತಾದರು ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದರು. ಲೇತಿನ ಮುಂದೆ ಬೇರೊಬ್ಬರು ನಿಂತಿದ್ದರು, ಸಂಬಳಕ್ಕೆ ಇಟ್ಟುಕೊಂಡ ಟರ್ನರ್. ನನ್ನನ್ನು ನೋಡಿ ಉಸ್ತಾದರು ಏಳಲಿಲ್ಲ. ಎಡಗೈಯಿಂದ ಇನ್ನೊಂದು ಸ್ಟೂಲನ್ನು ನನ್ನ ಕಡೆ ದೂಡಿದರು. ಚಹಾ ಹೇಳಿದರು.

"ಕೈ ಹೆಂಗದರಿ?"

"ಅದ. ಅಳತಿ ಹತ್ತಂಗಿಲ್ಲ." ಬಲಗೈ ಚಾಚಿ ತೋರಿಸಿದರು. "ಉಕ್ಕು ಎಷ್ಟು ತಿರುಗ್ಯಾದ, ಎಷ್ಟು ಉಳಿದದ ಅನ್ನೋದು ಈ ಬೆರಳಿಗೆ ಗೊತ್ತಾಗ್ತಿತ್ತು. ಹೆಬ್ಬಟ್ಟಿಗೆ ಗೊತ್ತಾಗಂಗಿಲ್ಲ, ನಡುಬೆರಳಿಗೂ ಗೊತ್ತಾಗಂಗಿಲ್ಲ. ಈಗ ನಾ ಕೂತು ಹೇಳೋದು, ಅವರು ಮಾಡೋದು."

ಚಹಾ ಬಂತು. ಇಬ್ಬರೂ ಕುಡಿದೆವು. ಟರ್ನರ್ ಯಂತ್ರ ನಿಲ್ಲಿಸಿ ಹೊರಗೆ ಹೋದ ಮೇಲೆ ಉಸ್ತಾದರು ಕೇಳಿದರು: "ಅಂದು ಆ ತಿರುಗಣಿ ತಿರುವಿದ್ರಲ್ಲ, ತಿಳಿದು ತಿರುವಿದ್ರೋ, ನನ್ನ ಮ್ಯಾಲಿನ ಸಿಟ್ಟಿಗೆ ತಿರುವಿದ್ರೋ?"

"ಎರಡೂ ಇತ್ರಿ."

"ಹಂ." ಲೋಟದ ತಳ ನೋಡಿದರು. "ಡಾಕ್ಟರಮ್ಮ ಎಲ್ಲಾ ಹೇಳ್ಯಾಳ. ನೀವು ಎಬ್ಬಿಸಿರಲಿಲ್ಲಂದ್ರ ಪೂರಾ ಕೈ ಹೋಗ್ತಿತ್ತಂತ. ನನ್ನ ಹೆಂಡತಿ ಪ್ರತಿ ಜುಮ್ಮೇರಾತ್ ದರ್ಗಾಕ್ಕ ಹೋದಾಗ ನಿಮ್ಮ ಹೆಸರಿನ ಮ್ಯಾಲೆ ದುವಾ ಕೇಳ್ತಾಳ."

ನಾನು ಅವರ ಬಲಗೈ ನೋಡಿದೆ.

"ನಾ ಕೇಳಂಗಿಲ್ಲ," ಎಂದರು ಉಸ್ತಾದರು. "ಸುಳ್ಳು ಯಾಕ ಹೇಳ್ಬೇಕು. ನಾಲ್ಕು ಬೆರಳು ಉಳಿಸೀರಿ, ಅದು ಖರೆ. ಆದ್ರ ನಿಮ್ಮನ್ನ ನೋಡಿದಾಗೆಲ್ಲ ನನಗ ಹೋದ ಬೆರಳೇ ಕಾಣ್ತದ."

ನಾನು ಲೋಟ ಕೆಳಗಿಟ್ಟು ಎದ್ದೆ. ಅವರೂ ಎದ್ದು ಬಾಗಿಲವರೆಗೆ ಬಂದರು. ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದರು: "ಆ ಹಡಗ ಮತ್ತ ಹೋಗ್ತದೇನ್ರಿ ಅಲ್ಲಿಗೆ?"

"ಗೊತ್ತಿಲ್ರಿ. ಎಂದಾದರೂ ಹೋಗಬಹುದು. ಹೋದ್ರ ಕೇಳ್ತೀನಿ."

"ಕೇಳ್ರಿ. ಕೊಟ್ರ ತರಿಸ್ರಿ. ಚಲೋ ಕೆಲಸ ಅದ." ಅವರು ಒಂದು ಹೆಜ್ಜೆ ಒಳಗೆ ಸರಿದರು. "ಸಿಲಿಂಡರ್ ಮಾಡಿಸಾಕ ಮಾತ್ರ ನನ್ನ ಕಡಿ ಬರಬ್ಯಾಡ್ರಿ."

ಆಗಲಿ ಎಂದೆ.